ಮೂರೂ ಯಂತ್ರ ಹೇಳಿದ್ದು ಹದಿನೇಳು

ಕೋರ್ಪಿ ರಸ್ತೆ, ಮೇಲಿನ ಮಿಷಿಗನ್
ಆಗಸ್ಟ್ 11, 2013

ಪ್ರಿಯ ನಾದಿನಿ ಸೈಮಿಗೆ,

ಕಾಫಿ ಬಗ್ಗಿಸಿಕೊಂಡು ಕೂತು ಓದು, ಕಾಗದ ಉದ್ದವಿದೆ. ನಿನ್ನ ಆ ಬೆಟ್ಟದ ಮನೆಗೆ ಫೋನು ಹತ್ತುವುದಿಲ್ಲ, ನೀನು ಪೇಟೆಗೆ ಇಳಿದು ಟಪಾಲು ತರುವುದು ವಾರಕ್ಕೊಮ್ಮೆ. ಹಾಗಾಗಿ ಒಂದು ವಾರದ ಮಾತನ್ನು ಒಟ್ಟಿಗೇ ತುಂಬುತ್ತಿದ್ದೇನೆ.

ನಿನ್ನೆ ಡ್ವೇನ್ ಕೆಂಪಾನ ಬೇಟೆ ಸಾಮಾನಿನ ಅಂಗಡಿಗೆ ಹೋಗಿದ್ದೆ. ಬಾಣದ ಗರಿ ಅಂಟಿಸುವ ಗೋಂದು ತರಲು ಹೋದವನು. ಅವನು ನನ್ನ ಕೈಗೆ ಒಂದು ಪುಟ್ಟ ಡಬ್ಬಿ ಕೊಟ್ಟ, ಸೋಪಿನಷ್ಟು ಗಾತ್ರ. "ಇದ್ರಲ್ಲಿ ಒಂದ್ಸಲ ನೋಡು ಆರ್ವೊ" ಅಂದ. ಬಾಗಿಲಲ್ಲಿ ನಿಂತು ಕಣ್ಣಿಗಿಟ್ಟು ಗುಂಡಿ ಒತ್ತಿದೆ. ಗಾಜಿನೊಳಗೆ ಅಂಕಿ ಮೂಡಿತು: 212. ಲೂಥರನ್ ಚರ್ಚಿನ ಗೋಪುರ! ನಲವತ್ತು ವರ್ಷದಿಂದ ಹೋಗುತ್ತಿರುವ ಚರ್ಚು, ಅಂಗಡಿ ಬಾಗಿಲಿಂದ ಎಷ್ಟು ಗಜ ಅಂತ ಗೊತ್ತೇ ಇರಲಿಲ್ಲ ಅಂದೆ.

"ನೀನು ಹೋಗೋದು ಈಸ್ಟರ್‌ಗೊಂದ್ಸಲ. ಗೊತ್ತಾಗೋದು ಹೆಂಗೆ?" ಅಂದ ಡ್ವೇನ್.

ಆಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಅಂಚೆ ಪೆಟ್ಟಿಗೆ 38, ಪೆಟ್ರೋಲ್ ಪಂಪು 91, ನಾಯಿ ಅಟ್ಟಿಸಿಕೊಂಡು ಬಂದ ಪಾದ್ರಿ ಹೆಂಡತಿ 60, 52, 44. ಲೇಸರ್ ಕಿರಣ ಹೋಗಿ ಬಡಿದು ವಾಪಸ್ಸು ಬರುತ್ತದಂತೆ, ಆ ಹೊತ್ತನ್ನು ಅಳೆದು ದೂರ ಹೇಳುತ್ತದಂತೆ. ಹೆಂಗಸರ ಗುಂಪಿನಲ್ಲಿ ಸುದ್ದಿ ಹೋಗಿ ಬರುವ ಹಾಗೆ.

ನಾನೂ ಒಂದು ತೆಗೆದುಕೊಳ್ಳಬೇಕೆಂದಿದ್ದೇನೆ. ನೂರೈವತ್ತು ಡಾಲರಿನೊಳಗೆ ಇರಬೇಕು. ನಾನೂರರದ್ದೂ ಇವೆ, ಅವು ಸಾವಿರ ಗಜ ದೂರದ ಬಂಡೆ ಅಳೆಯುತ್ತವೆ. ಬಿಲ್ಲು ಹಿಡಿದವನಿಗೆ ಸಾವಿರ ಗಜ ಯಾಕೆ? ನಾನು ಹೊಡೆಯುವುದೇ ಹೆಚ್ಚೆಂದರೆ ನಲವತ್ತರಲ್ಲಿ. ನೀನು ಅಲ್ಲಿ ಎಲ್ಕ್ ಜಿಂಕೆಯ ಬೇಟೆಗೆ ಇಂಥದ್ದನ್ನು ಬಳಸಿದವಳು, ಯಾವುದು ಒಳ್ಳೆಯದು ಹೇಳು. ಅಕ್ಟೋಬರ್ ಒಂದಕ್ಕೆ ಇಲ್ಲಿ ಬಿಲ್ಲಿನ ಬೇಟೆ ಶುರು.

ನಿನ್ನ ಭಾವ,
ಆರ್ವೊ

---

ಸಾಮನ್ ನದಿ, ಐಡಾಹೊ
ಆಗಸ್ಟ್ 20, 2013

ಭಾವ,

ಹದಿನೈದು ವರ್ಷ ನಾನು ಬಡಕೊಂಡೆ, ಒಂದು ದೂರಮಾಪಕ ತಗೊಳ್ಳಿ ಅಂತ. "ನನ್ನ ದೂರಮಾಪಕಕ್ಕೆ ಬ್ಯಾಟರಿ ಬೇಡ, ಅದು ಐದಡಿ ಒಂದಂಗುಲ ಇದೆ, ಏಲಕ್ಕಿಯ ನಿಸು ಬ್ರೆಡ್ ಕೂಡ ಚೆನ್ನಾಗಿ ಮಾಡುತ್ತೆ" ಅಂತ ಅಕ್ಕನ ಭುಜದ ಮೇಲೆ ಕೈ ಹಾಕಿ ನಗುತ್ತಿದ್ದಿರಿ. ಈಗ ಏನಾಯಿತು ಇದ್ದಕ್ಕಿದ್ದ ಹಾಗೆ?

ಇರಲಿ. ಡಬ್ಬದ ಮೇಲೆ ಬರೆದ ಆರುನೂರು ಗಜ, ಎಂಟುನೂರು ಗಜ ಯಾವುದನ್ನೂ ಓದಬೇಡಿ. ನೋಡಬೇಕಾದ್ದು ಇದು: ಹತ್ತಿರದ್ದನ್ನು, ಅಂದರೆ ಹತ್ತರಿಂದ ಐವತ್ತು ಗಜವನ್ನು ಸರಿಯಾಗಿ ಹೇಳಬೇಕು. ಅಂಕಿ ಕೆಂಪಗೆ ಹೊಳೆಯಬೇಕು. ಕಪ್ಪು ಅಂಕಿ ದೇವದಾರಿನ ನೆರಳಲ್ಲಿ ಕಾಣಿಸದು. ಗುಂಡಿ ಟಿಕ್ ಅನ್ನಬಾರದು, ಜಿಂಕೆಗೆ ಕಿವಿ ಇದೆ. ಒಂದೇ ಕೈಯಲ್ಲಿ ಹಿಡಿಯುವಂತಿರಬೇಕು. ಎಲ್ಲಕ್ಕಿಂತ ಮುಖ್ಯ, ಕೋನ ಲೆಕ್ಕ ಹಾಕುವಂಥದ್ದನ್ನೇ ಕೊಳ್ಳಿ. ಇಳಿಜಾರಿನಲ್ಲಿ ಕೆಳಗೆ ಹೊಡೆಯುವಾಗ ಯಂತ್ರ ನಲವತ್ತು ಅಂದರೂ ಬಾಣದ ಲೆಕ್ಕಕ್ಕೆ ಅದು ಮೂವತ್ಮೂರೇ ಇರುತ್ತದೆ. ನನ್ನ ಮೊದಲ ಎಲ್ಕಿನ ಬೆನ್ನ ಮೇಲಿಂದ ಬಾಣ ಹಾರಿಹೋದದ್ದು ಹಾಗೆಯೇ.

ದೂರದ ಗುರುತಿಗೆ ಅಕ್ಕ ಕಟ್ಟುತ್ತಿದ್ದ ದಾರಗಳು ಇನ್ನೂ ಇವೆಯೇ?

ಸೈಮಿ

---

ಕೋರ್ಪಿ ರಸ್ತೆ
ಆಗಸ್ಟ್ 29, 2013

ಪ್ರಿಯ ಸೈಮಿ,

ಕೊಂಡೆ! ವಾಪಸ್ಸು ಕೊಟ್ಟೆ! ಇನ್ನೊಂದು ಕೊಂಡೆ! ಸಾವಧಾನವಾಗಿ ಹೇಳುತ್ತೇನೆ.

ಮೊದಲು ನಿನ್ನ ಕೋನದ ವಿಚಾರ ಮುಗಿಸೋಣ. ಗಣಿ ಕಾಲೇಜಿನಲ್ಲಿ ಎರಡು ವರ್ಷ ಮಣ್ಣು ಹೊತ್ತವನು ನಾನು. ಇಂಗ್ಲಿಷ್ ಮೇಷ್ಟ್ರು ಕಲಿಸಿದ್ದೆಲ್ಲ ಅರ್ಧಂಬರ್ಧ ನೆನಪಿದೆ, ಆದರೆ ತ್ರಿಕೋನ ಮರೆತಿಲ್ಲ. ಮರದ ಮೇಲೆ ನಾನು ಕೂರುವ ಅಟ್ಟಣೆ ನೆಲದಿಂದ ಹದಿನೆಂಟು ಅಡಿ, ಅಂದರೆ ಆರು ಗಜ. ಓರೆಗೆರೆ ಇಪ್ಪತ್ತು ಗಜ. ಇಪ್ಪತ್ತರ ವರ್ಗದಲ್ಲಿ ಆರರ ವರ್ಗ ಕಳೆದರೆ ಮುನ್ನೂರ ಅರವತ್ನಾಲ್ಕು, ಅದರ ಮೂಲ ಹತ್ತೊಂಬತ್ತಕ್ಕೆ ತುಸು ಮೇಲೆ. ವ್ಯತ್ಯಾಸ ಒಂದು ಗಜವೂ ಇಲ್ಲ! ನಿನ್ನ ಬೆಟ್ಟಕ್ಕೆ ಕೋನ ಬೇಕು, ನನ್ನ ಜವುಗಿಗೆ ಬೇಡ. ಹೆನ್ಸ್ ಪ್ರೂವ್ಡ್.

ಹಾಗಾಗಿ ಎಂಬತ್ತೊಂಬತ್ತು ಡಾಲರಿನದನ್ನು ತಂದೆ. ಕೊಟ್ಟಿಗೆಯ ಹಿಂದೆ ನಾವು ಬಾಣ ಬಿಡುವ ಜಾಗ ನಿನಗೆ ನೆನಪಿರಬೇಕು: ಹುಲ್ಲಿನ ಪಿಂಡಿ, ಅದರಿಂದ ಈಚೆಗೆ ಇಪ್ಪತ್ತು, ಮೂವತ್ತು, ನಲವತ್ತು ಗಜಕ್ಕೆ ಮೂರು ಗೂಟ. ಎಂಬತ್ಮೂರರ ಬೇಸಗೆಯಲ್ಲಿ ನಿನ್ನಕ್ಕ ಹೆಲ್ಮಿ ಹೆಜ್ಜೆ ಎಣಿಸಿ ನೆಡಿಸಿದ್ದು. ನನ್ನ ಬಿಲ್ಲಿನ ಮೂರು ಗುರಿಸೂಜಿಗಳನ್ನು, ಒಂದೊಂದು ದೂರಕ್ಕೆ ಒಂದೊಂದು, ಅಂದಿನಿಂದ ಇಂದಿನವರೆಗೂ ಆ ಗೂಟಗಳ ಹತ್ತಿರ ನಿಂತೇ ಕೂರಿಸಿಕೊಂಡಿದ್ದೇನೆ. ಇಪ್ಪತ್ತರ ಗೂಟದಲ್ಲಿ ನಿಂತೆ. ಗುಂಡಿ ಒತ್ತಿದೆ.

ಹದಿನೇಳು.

ಮತ್ತೆ ಒತ್ತಿದೆ. ಹದಿನೇಳು. ಬ್ಯಾಟರಿ ತೆಗೆದು, ಉಜ್ಜಿ, ಹಾಕಿದೆ. ಹದಿನೇಳು! ಮೂವತ್ತರ ಗೂಟಕ್ಕೆ ಹೋದರೆ ಇಪ್ಪತ್ತೈದೂವರೆ. ನಲವತ್ತಕ್ಕೆ ಮೂವತ್ನಾಲ್ಕು. ಸುಳ್ಳು ಹೇಳಿದರೂ ಒಂದು ಕ್ರಮದಲ್ಲಿ ಹೇಳುತ್ತಿದೆ, ಕೌಂಟಿ ಕಚೇರಿಯ ಗುಮಾಸ್ತನ ಹಾಗೆ.

ಡ್ವೇನ್‌ನ ಮೇಜಿನ ಮೇಲೆ ಇಟ್ಟೆ. "ಇದಕ್ಕೆ ಕಣ್ಣು ಸರಿ ಇಲ್ಲ ಕಣೋ" ಅಂದೆ. ಅವನು ಗೊಣಗದೆ ನೂರಹತ್ತೊಂಬತ್ತರದ್ದು ಕೊಟ್ಟ, ಕೆಂಪು ಅಂಕಿ, ನೀನು ಹೇಳಿದಂತೆ ಸದ್ದಿಲ್ಲದ ಗುಂಡಿ. ಎಷ್ಟು ಚೆಂದ ಅಂತೀಯ! ಕೆಂಡದ ಹಾಗೆ ಹೊಳೆಯುವ ಅಂಕಿ. ಓಡಿಕೊಂಡು ಗೂಟದ ಹತ್ತಿರ ಹೋದೆ, ಅರವತ್ತೆಂಟರಲ್ಲಿ ನಾನು ಓಡಿದ್ದು ನೋಡಿದ್ದರೆ ನೀನು ನಗುತ್ತಿದ್ದೆ.

ಹದಿನೇಳು.

ಹುಲ್ಲು ಕಿರಣವನ್ನು ನುಂಗುತ್ತಿದೆಯೋ? ಅಥವಾ ಎದುರಿಗಿನ ಗಾಳಿಯಲ್ಲಿ ಸೊಳ್ಳೆ ಜಾಸ್ತಿಯೋ? ಬೇಗ ಬರಿ.

ದಾರದ ವಿಷಯ ಕೇಳಿದ್ದೆ. ಹಳೆ ಅಟ್ಟಣೆಯ ಮರ ಹೋದ ವರ್ಷ ಗಾಳಿಗೆ ಬಿತ್ತು. ದಾರವೂ ಅದರೊಂದಿಗೆ ಹೋಯಿತು. ಈಗ ಬೀವರ್ ಪ್ರಾಣಿ ಕಟ್ಟಿದ ಕೊಳದ ಹತ್ತಿರ ಬೇರೆ ಮರ.

ಆರ್ವೊ

---

ಸಾಮನ್ ನದಿ
ಸೆಪ್ಟೆಂಬರ್ 6, 2013

ಭಾವ,

ಎಲ್ಕ್ ಬೇಟೆ ಶುರುವಾಗಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಯಂತ್ರವನ್ನು ನಂಬಿ. ಎರಡೂ ಒಂದೇ ಮಾತು ಹೇಳಿದವಲ್ಲ. ಬಿಲ್ಲಿನ ಮೂರು ಗುರಿಸೂಜಿಗಳನ್ನೂ ಸಡಿಲ ಮಾಡಿ, ಯಂತ್ರ ತೋರಿಸಿದ ದೂರಕ್ಕೆ ಹೊಸದಾಗಿ ಕೂರಿಸಿಕೊಳ್ಳಿ. ಕಾರಣ ಕೇಳಬೇಡಿ, ಅಷ್ಟು ಮಾಡಿ ಸಾಕು. ಹಳೆಯ ಗೂಟಗಳು ಇದ್ದಲ್ಲೇ ಇರಲಿ.

ಹೋದ ವರ್ಷ ಹೊಸ ಮರದ ಹತ್ತಿರ ದೂರ ಹೇಗೆ ಗುರುತು ಮಾಡಿಕೊಂಡಿರಿ? ಬರೆಯಿರಿ.

ಸೈಮಿ

---

ಕೋರ್ಪಿ ರಸ್ತೆ
ಸೆಪ್ಟೆಂಬರ್ 13, 2013

ಸೈಮಿ,

ನಿನ್ನ ಕಾಗದ ಮೂರು ಸಲ ಓದಿದೆ. ಅರ್ಥವಾಯಿತು. ಭಾವನಿಗೆ ವಯಸ್ಸಾಯಿತು, ಗೂಟ ಯಾವುದು ಪಿಂಡಿ ಯಾವುದು ತಿಳಿಯುತ್ತಿಲ್ಲ, ಮುದುಕನಿಗೆ ಕಾರಣ ಹೇಳಿ ಪ್ರಯೋಜನವಿಲ್ಲ ಅಂತ ತಾನೆ? ಬಾಯಿಬಿಟ್ಟು ಹೇಳಬಹುದಿತ್ತು.

ಆದರೂ ನಿನ್ನ ಮಾತು ಕೇಳಿ ಮೂರನೆಯದನ್ನು ತಂದೆ. ಕೋನದ್ದೇ! ನೂರನಲವತ್ತೊಂಬತ್ತು ಡಾಲರ್. ಡ್ವೇನ್ ನನ್ನನ್ನು ಕಂಡ ಕೂಡಲೇ ಒಳಗಿದ್ದ ಹೆಂಡತಿಗೆ ಕೂಗಿದ: "ಲೇ, ಕಾಫಿ ಇಡು, ಅಳತೆ ಇಲಾಖೆ ಬಂತು!" ಅಲ್ಲಿ ಮಾಂಸದ ಕಡುಬಿನಂಥ ಪ್ಯಾಸ್ಟಿ ತಿನ್ನುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಒಬ್ಬ, "ಒಂದು ಟೇಪ್ ಹಿಡಿದು ಗೂಟ ಅಳೆದುಬಿಡು ಮಾರಾಯ, ಎರಡು ನಿಮಿಷದ ಕೆಲಸ" ಅಂದ. ನನಗೆ ಮೈ ಉರಿದುಹೋಯಿತು. "ನನ್ನ ಹೆಂಡ್ತಿ ಎಣಿಸಿದ್ದರ ಮೇಲೆ ನೀನ್ಯಾವನೋ ಟೇಪ್ ಹಿಡಿಯೋನು?" ಅಂದೆ. ಮೂವತ್ತು ವರ್ಷ ಪ್ರತಿ ಸೆಪ್ಟೆಂಬರಿನಲ್ಲೂ ಅವಳು ಅಟ್ಟಣೆಯ ಬುಡದಿಂದ ತುಟಿ ಅಲ್ಲಾಡಿಸುತ್ತ ಹೆಜ್ಜೆ ಎಣಿಸಿ, ಕೆಂಪು ಉಣ್ಣೆದಾರ ಕಟ್ಟಿ, ಕತ್ತೆತ್ತಿ "ಇಪ್ಪತ್ತು!" ಅಂತ ಕೂಗುತ್ತಿದ್ದಳು. ಒಂದು ಸಲವೂ ತಪ್ಪಿಲ್ಲ. ಆ ದಾರದ ಹತ್ತಿರ ನಿಂತ ಒಂದು ಜಿಂಕೆಯೂ ಎರಡನೇ ಬಾಣ ಬೇಡಿಲ್ಲ.

ಮೂರನೆಯದೂ ಹದಿನೇಳೇ ಅಂದಿತು.

ಆಗ ಇನ್ನೊಂದು ಪರೀಕ್ಷೆ ಮಾಡಿದೆ. ಗೂಟ ಬಿಟ್ಟು, ಯಂತ್ರ ಇಪ್ಪತ್ತು ಅಂದ ಜಾಗದಲ್ಲಿ ನಿಂತು, ಇಪ್ಪತ್ತರ ಸೂಜಿಯಲ್ಲಿ ಬಿಟ್ಟೆ. ಬಾಣ ನಾಲ್ಕು ಬೆರಳು ಕೆಳಗೆ ನಾಟಿತು. ಯಂತ್ರದ ಮೂವತ್ತರಲ್ಲಿ ನಿಂತರೆ ಹತ್ತಿರ ಹತ್ತಿರ ಒಂದು ಗೇಣು ಕೆಳಗೆ. ಹನ್ನೆರಡು ಬಾಣ, ಹನ್ನೆರಡೂ ಕೆಳಗೆ. ಅಂದಮೇಲೆ ಎರಡರಲ್ಲಿ ಒಂದು: ಊರಿನ ಯಂತ್ರಗಳೆಲ್ಲ ಸುಳ್ಳು, ಇಲ್ಲ ನನ್ನ ಕೈ ಹೋಯಿತು.

ಇನ್ನು ನೀನು ಕೇಳಿದ್ದಕ್ಕೆ ಉತ್ತರ. ನಿನಗೆ ಬರೆಯದೆ ಬಚ್ಚಿಟ್ಟಿದ್ದೆ. ಹೋದ ಅಕ್ಟೋಬರಿನಲ್ಲಿ, ಹೆಲ್ಮಿ ಇಲ್ಲದ ಮೊದಲ ಸಲ, ಕೊಳದ ಹತ್ತಿರ ನಾನೇ ಹೆಜ್ಜೆ ಎಣಿಸಿದೆ. ಮೂವತ್ತಕ್ಕೆ ಒಂದು ಎಳೆ ದೇವದಾರು ಸಿಕ್ಕಿತು. ಅದರ ಪಕ್ಕಕ್ಕೇ ಬಂದು ನಿಂತಿತು ಒಂದು ಹೆಣ್ಣು ಜಿಂಕೆ, ಪಕ್ಕೆ ತೋರಿಸಿಕೊಂಡು, ಏನೂ ಅಡ್ಡವಿಲ್ಲ. ಮೂವತ್ತರ ಸೂಜಿ ಇಟ್ಟೆ, ಕೈ ಬಂಡೆಯಂತಿತ್ತು, ಬಿಟ್ಟೆ. ಬಾಣ ಎದೆಯ ಕೆಳಗೆ ಮುಂಗಾಲಿಗೆ ಹೊಡೆಯಿತು. ಮೂರು ಕಾಲಿನಲ್ಲಿ ಓಡಿತು, ಸೈಮಿ. ಎರಡು ದಿನ ಹುಡುಕಿದೆ. ಜವುಗಿನ ನೀರಿನಲ್ಲಿ ರಕ್ತದ ಜಾಡು ನಿಂತುಹೋಯಿತು. ಬಾಣ ಸಿಕ್ಕಿತು, ಜಿಂಕೆ ಸಿಗಲೇ ಇಲ್ಲ.

ಅದಕ್ಕೇ ಈ ಯಂತ್ರದ ಹುಚ್ಚು. ದೂರ ತಪ್ಪಿತ್ತು, ಕೈ ತಪ್ಪಿರಲಿಲ್ಲ ಅಂತ ಈ ಡಬ್ಬಿಯಿಂದ ಹೇಳಿಸಬೇಕೆಂದು ಆಸೆಯಿತ್ತು. ಅದೀಗ ಹೆಲ್ಮಿಯೇ ತಪ್ಪು ಅನ್ನುತ್ತಿದೆ. ಹೆಲ್ಮಿ ತಪ್ಪಲ್ಲ. ಹಾಗಾದರೆ ಕೈ. ಮೂವತ್ತನೇ ತಾರೀಕಿನೊಳಗೆ ಇದು ಇತ್ಯರ್ಥವಾಗದಿದ್ದರೆ ಬಿಲ್ಲನ್ನು ಹಬೆಸ್ನಾನದ ಸೌನಾ ಮನೆಯ ಗೋಡೆಗೆ ನೇತುಹಾಕುತ್ತೇನೆ, ಮತ್ತೆ ಇಳಿಸುವುದಿಲ್ಲ. ಇನ್ನೊಂದು ಜೀವವನ್ನು ಮೂರು ಕಾಲಿನಲ್ಲಿ ಓಡಿಸಲಾರೆ.

ಆರ್ವೊ

---

ಸಾಮನ್ ನದಿ
ಸೆಪ್ಟೆಂಬರ್ 18, 2013

ಭಾವ,

ನಿಮ್ಮ ಕಾಗದ ಓದಿದ ಕೂಡಲೇ ಬೇಟೆ ಬಿಟ್ಟು ಪೇಟೆಯಲ್ಲೇ ಕೂತು ಬರೆಯುತ್ತಿದ್ದೇನೆ. ತುರ್ತು ಟಪಾಲಿನಲ್ಲಿ ಹಾಕುತ್ತೇನೆ.

ನಿಮ್ಮ ಕೈ ಹೋಗಿಲ್ಲ. ಯಂತ್ರಗಳೂ ಸುಳ್ಳಲ್ಲ. ಅಕ್ಕನ ಹೆಜ್ಜೆ ಒಂದು ಗಜ ಇರಲಿಲ್ಲ.

ಐದಡಿ ಒಂದಂಗುಲದವಳ ಹೆಜ್ಜೆ ಎಷ್ಟು ಉದ್ದ ಇರಲು ಸಾಧ್ಯ? ಚಿಕ್ಕಂದಿನಲ್ಲಿ ಅಪ್ಪನ ಆಲೂಗಡ್ಡೆ ಸಾಲುಗಳನ್ನು ಇಬ್ಬರೂ ಅಳೆಯುತ್ತಿದ್ದೆವು. ನನ್ನದು ನೂರಾದಾಗ ಅವಳದು ನೂರ ಹದಿನೇಳು. ಎಂಬತ್ನಾಲ್ಕರಲ್ಲಿ ನಾನು ನಿಮ್ಮಲ್ಲಿಗೆ ಬಂದಾಗ ಆ ಗೂಟಗಳನ್ನು ನೋಡಿಯೇ ನಗು ಬಂತು. ಸೌನಾದಲ್ಲಿ ಕೂತಾಗ ಅವಳನ್ನು ಕೇಳಿದೆ: "ಅದು ಇಪ್ಪತ್ತು ಗಜಾನೇನೇ?"

"ಶ್! ಅಲ್ಲ. ನಂಗೂ ಗೊತ್ತು" ಅಂದಳು. "ಮೊದಲ್ನೇ ವರ್ಷ ಗೊತ್ತಾಗ್ದೆ ಆಯ್ತು. ಆಮೇಲೆ ಗೊತ್ತಾದ್ರೂ ಸುಮ್ನಿದ್ದೆ."

"ಯಾಕೆ?"

"ನಿನ್ ಭಾವನ್ನ ನೀನು ನೋಡಿಲ್ವಾ? ನಲವತ್ತಾದ್ರೆ ಐವತ್ತು ಬೇಕು ಅಂತಾನೆ, ಐವತ್ತಾದ್ರೆ ಅರವತ್ತು. ಈಗ ನಲವತ್ತು ಅಂತ ಜಂಬ ಕೊಚ್ಕೊಂಡು ಮೂವತ್ನಾಲ್ಕರಲ್ಲಿ ಹೊಡೀತಾನೆ. ಅವನಿಗೂ ಖುಷಿ, ಜಿಂಕೆಗೂ ನೋವಿಲ್ಲ. ನೀನು ಬಾಯಿ ಬಿಟ್ರೆ ನಿನ್ನ ಕಾಫಿಗೆ ಉಪ್ಪು ಹಾಕ್ತೀನಿ."

ಆಣೆ ಮಾಡಿಸಿಕೊಂಡಳು. ಅದಕ್ಕೇ ಈ ತಿಂಗಳು ಕಾರಣ ಕೇಳಬೇಡಿ ಅಂತ ಬರೆದೆ. ನಿಮಗೆ ವಯಸ್ಸಾಯಿತೆಂದು ಅಲ್ಲ.

ಈಗ ನೋಡಿ. ನಿಮ್ಮ ಸೂಜಿಗಳು ಅಕ್ಕನ ಹೆಜ್ಜೆಗೆ ಕೂತಿವೆ. ಹೋದ ವರ್ಷ ಕೊಳದ ಹತ್ತಿರ ಎಣಿಸಿದ್ದು ನಿಮ್ಮ ಕಾಲು, ಆರಡಿ ಮೇಲೆ ಎರಡಂಗುಲದ ಮನುಷ್ಯನ ಕಾಲು. ನಿಮ್ಮ ಮೂವತ್ತು ಅವಳ ಮೂವತ್ತೈದು. ಬಾಣ ಒಂದು ಗೇಣು ಕೆಳಗೆ ಹೋಗದೆ ಇನ್ನೇನಾದೀತು? ಕೈ ಸರಿಯಾಗಿಯೇ ಇತ್ತು, ಭಾವ. ಅಕ್ಕ ಹೋದ ದಿನವೇ ನಾನು ಹೇಳಬೇಕಿತ್ತು. ಇನ್ನು ಅಟ್ಟಣೆಯ ಬುಡದಲ್ಲಿ ಎಣಿಸುವವರು ನೀವೇ ಅಂತ ನನಗೆ ಹೊಳೆಯಲಿಲ್ಲ. ಆ ಜಿಂಕೆಯಲ್ಲಿ ಅರ್ಧ ನನ್ನ ಲೆಕ್ಕಕ್ಕೆ ಹಾಕಿಕೊಳ್ಳಿ.

ಟೇಪ್ ಹಿಡಿಯಿರಿ. ಅಕ್ಕ ಬೇಜಾರು ಮಾಡಿಕೊಳ್ಳುವುದಿಲ್ಲ.

ಸೈಮಿ

---

ಕೋರ್ಪಿ ರಸ್ತೆ
ಸೆಪ್ಟೆಂಬರ್ 22, 2013

ಸೈಮಿ! ಸೈಮಿ!

ಐವತ್ತೊಂದು ಅಡಿ! ಅಂಗುಲವೂ ಹೆಚ್ಚಿಲ್ಲ, ಅಂಗುಲವೂ ಕಡಿಮೆಯಿಲ್ಲ. ಸರಿಯಾಗಿ ಹದಿನೇಳು ಗಜ! ಟೇಪಿನ ಇನ್ನೊಂದು ತುದಿ ಹಿಡಿಯಲು ಡ್ವೇನ್‌ನನ್ನೇ ಕರೆಸಿದ್ದೆ. ಅವನು ಹುಲ್ಲಿನ ಪಿಂಡಿಯ ಮೇಲೆ ಕೂತು ಕಣ್ಣೊರೆಸಿಕೊಂಡು ನಕ್ಕ. "ಮೂವತ್ತು ವರ್ಷ ನಮ್ಮುಂದೆ ನಲವತ್ತು ಗಜ, ನಲವತ್ತು ಗಜ ಅಂತ ಮೆರೆದ್ಯಲ್ಲೋ! ನಿನ್ನ ಮನೆ ಗೋಡೆ ಮೇಲಿರೋ ಆ ಹತ್ತು ಕವಲು ಕೊಂಬಿನ ಗಂಡು ಜಿಂಕೆ ಮೂವತ್ನಾಲ್ಕರದ್ದಾ?" ಆ ಕೊಂಬಿನ ಕೆಳಗೆ ಹಿತ್ತಾಳೆ ತಗಡಿದೆ, ತೊಂಬತ್ತೊಂದರಲ್ಲಿ ನಾನೇ ಕೊರೆಸಿದ್ದು, 'ನಲವತ್ತು ಗಜ' ಅಂತ. "ತಗಡು ಬದ್ಲಾಯಿಸು, ನಾನೇ ಕೊರೆಸಿಕೊಡ್ತೀನಿ" ಅಂದ.

ಕೊಟ್ಟೆ. ಬದಲಾಯಿಸಲು ಅಲ್ಲ, ಒಂದು ಪದ ಸೇರಿಸಲು. ಈಗ ಅದರಲ್ಲಿ 'ಹೆಲ್ಮಿಯ ನಲವತ್ತು ಗಜ' ಅಂತಿದೆ.

ನಾನೂ ನಕ್ಕೆ ಸೈಮಿ, ಪಕ್ಕೆ ನೋಯುವಷ್ಟು. ಕಳ್ಳಿ! ಕತ್ತೆತ್ತಿ ಅಷ್ಟು ಗಂಭೀರವಾಗಿ "ಇಪ್ಪತ್ತು!" ಅಂತ ಕೂಗುತ್ತಿದ್ದಳಲ್ಲ! ಅದಾದ ಮೇಲೆ ಹೋಗಿ ಆ ಮೂರು ಕಾಲಿನ ಜಿಂಕೆಯ ಬಾಣವನ್ನು ತೆಗೆದು ನೋಡಿದೆ. ಒಲೆಯ ಹಿಂದೆ ಇಟ್ಟಿದ್ದೆ. ಅದರಲ್ಲಿ ನಿನ್ನ ಅರ್ಧ ಬೇಡ. ಅಳೆಯದೆ ಬಿಟ್ಟವನು ನಾನು.

ಗುರಿಸೂಜಿ ಸಡಿಲ ಮಾಡಲು ಸ್ಕ್ರೂಡ್ರೈವರ್ ತೆಗೆದುಕೊಂಡೆ. ಮೊದಲ ಸ್ಕ್ರೂಗೆ ಇಟ್ಟೆ. ತಿರುಗಿಸಲಿಲ್ಲ. ಯಾಕೆ ತಿರುಗಿಸಬೇಕು? ಸೂಜಿ ಸರಿಯಾಗಿದೆ, ಯಂತ್ರವೂ ಸರಿಯಾಗಿದೆ, ಇಬ್ಬರ ಮಧ್ಯೆ ಒಬ್ಬ ದುಭಾಷಿ ಬೇಕು ಅಷ್ಟೆ. ಒಂದು ಚೀಟಿ ಬರೆದು ಯಂತ್ರದ ಪಕ್ಕೆಗೆ ಅಂಟಿಸಿದೆ: ಹದಿನೇಳು ಮೇಲಿನ ಸೂಜಿ, ಇಪ್ಪತ್ತೈದೂವರೆ ನಡುವಿನದು, ಮೂವತ್ನಾಲ್ಕು ಕೆಳಗಿನದು. ಆಮೇಲೆ ಚೀಟಿ ನೋಡಿ ಹನ್ನೆರಡು ಬಾಣ ಬಿಟ್ಟೆ. ಹನ್ನೆರಡೂ ಬಟ್ಟಲಿನಷ್ಟು ಜಾಗದಲ್ಲಿ! ಹೆನ್ಸ್ ಪ್ರೂವ್ಡ್!

ಕೋನದ ಯಂತ್ರವನ್ನೇ ಇಟ್ಟುಕೊಂಡೆ. ಕೋನಕ್ಕಲ್ಲ, ಮತ್ತೆ ವಾಪಸ್ಸು ಕೊಟ್ಟರೆ ಡ್ವೇನ್ ಒಳಗೆ ಬಿಡುವುದಿಲ್ಲ. ಗೆದ್ದೆ ಅಂತ ಬೀಗಬೇಡ.

ಆರ್ವೊ

---

ಕೋರ್ಪಿ ರಸ್ತೆ
ಅಕ್ಟೋಬರ್ 2, 2013

ಪ್ರಿಯ ಸೈಮಿ,

ಹೆಲ್ಮಿಯ ಹೊಲಿಗೆ ಪೆಟ್ಟಿಗೆಯಲ್ಲಿ ಕೆಂಪು ಉಣ್ಣೆಯ ಒಂದು ಉಂಡೆ ಉಳಿದಿತ್ತು. ಬೇಟೆಯ ಹಿಂದಿನ ದಿನ ಅದನ್ನು ಹಿಡಿದು ಕೊಳದ ಹತ್ತಿರ ಹೋದೆ. ಯಂತ್ರ ಹದಿನೇಳು ಅಂದಲ್ಲಿ ಒಂದು ದಾರ, ಇಪ್ಪತ್ತೈದೂವರೆ ಅಂದಲ್ಲಿ ಇನ್ನೊಂದು. ಮೂವತ್ನಾಲ್ಕಕ್ಕೆ ಕಟ್ಟಲಿಲ್ಲ. ಈ ವರ್ಷ ಅಷ್ಟು ದೂರ ಬೇಡ ಅನ್ನಿಸಿತು.

ನಿನ್ನೆ ಬೆಳಿಗ್ಗೆ ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಗಾಜಾಗಿತ್ತು. ಏಳೂಮುಕ್ಕಾಲಿಗೆ ದೇವದಾರಿನ ಅಂಚಿನಿಂದ ಒಂದು ಗಂಡು ಜಿಂಕೆ ಹೊರಬಂತು, ಆರು ಕವಲು, ಕೊಬ್ಬಿದ ಕತ್ತು. ಯಂತ್ರ ಎತ್ತಿದೆ. ಕೆಂಪು ಅಂಕಿ: 31. ಪಕ್ಕೆ ತೋರಿಸಿಕೊಂಡೇ ನಿಂತಿತ್ತು. ಹಳೆಯ ಆರ್ವೊ ಆಗಿದ್ದರೆ ಅಂದಾಜಿನಲ್ಲಿ ಎರಡು ಸೂಜಿಯ ಮಧ್ಯೆ ಇಟ್ಟು ಬಿಟ್ಟೇಬಿಡುತ್ತಿದ್ದ. ನಾನು ಯಂತ್ರವನ್ನು ಕೊರಳಿಗೆ ಬಿಟ್ಟು ಕೂತೆ. ಅದು ಎಲೆ ಮೇಯಿತು. ಕಿವಿ ಆಡಿಸಿತು. ತಿರುಗಿ ಹೋಗುವ ಹಾಗೆ ಮಾಡಿತು. ನಾನು ಬಿಲ್ಲು ಎತ್ತಲಿಲ್ಲ. ಆಮೇಲೆ ಏನನ್ನಿಸಿತೋ, ನೆಟ್ಟಗೆ ನನ್ನ ಕಡೆಗೇ ಬಂತು, ಬಂದು, ಹತ್ತಿರದ ದಾರವನ್ನು ಮೂಸಿ ನೋಡಿತು. ಹೆಲ್ಮಿಯ ದಾರವನ್ನು.

ಮೇಲಿನ ಸೂಜಿ. ಕೈ ಬಂಡೆಯಂತಿತ್ತು, ಹೋದ ವರ್ಷದ ಹಾಗೆಯೇ. ಬಿಟ್ಟೆ.

ಓಡಿತು, ನಾಲ್ಕೂ ಕಾಲಿನಲ್ಲಿ, ಕೊಳದ ದಂಡೆಯವರೆಗೆ. ಅಲ್ಲಿ ನಿಂತು, ಏನೋ ಮರೆತವರ ಹಾಗೆ ಒಂದು ಗಳಿಗೆ ನೋಡಿ, ಮಲಗಿತು. ಹತ್ತು ಎಣಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅರ್ಧ ಗಂಟೆ ಕಾದು ಇಳಿದೆ. ದಾರದ ಹತ್ತಿರ ಬಾಣ ನೆಲಕ್ಕೆ ನಾಟಿತ್ತು. ಅಲ್ಲಿಂದ ಜಿಂಕೆ ಬಿದ್ದಲ್ಲಿಗೆ ಎಷ್ಟು ದೂರ ಅಂತ ನೀನು ಕೇಳೇ ಕೇಳುತ್ತೀಯ. ಯಂತ್ರ ಕೊರಳಲ್ಲೇ ನೇತಾಡುತ್ತಿತ್ತು, ಗುಂಡಿ ಒತ್ತಲಿಲ್ಲ. ಈ ಉದ್ದ ಕಾಲುಗಳನ್ನು ಕುಗ್ಗಿಸಿ, ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತ, ತುಟಿ ಅಲ್ಲಾಡಿಸಿಕೊಂಡು ಎಣಿಸುತ್ತ ಹೋದೆ. ಜಿಂಕೆಯ ಪಕ್ಕ ನಿಂತು, ಕತ್ತೆತ್ತಿ, ಖಾಲಿ ಅಟ್ಟಣೆಯ ಕಡೆಗೆ ಗಟ್ಟಿಯಾಗಿ ಕೂಗಿ ಹೇಳಿದೆ:

"ನಲವತ್ತು!"

ಆರ್ವೊ